ಪ್ರಶ್ನೆ–ಉತ್ತರ: ದೀಪ ಹಿಡಿದಾಕೆಯ ಮಕ್ಕಳ ಕತೆಯಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು?

ಮೇ 12ರ ದಾದಿಯರ ದಿನ ಹತ್ತಿರ ಬಂತೆಂದರೆ ಶಾಲೆಗಳಲ್ಲಿ, ರಾತ್ರಿ ದೀಪ ಹಿಡಿದು ಗಾಯಾಳು ಸಿಪಾಯಿಗಳನ್ನು ನೋಡಿಕೊಂಡ ಇಂಗ್ಲೆಂಡಿನ ದಾದಿ ಫ್ಲಾರೆನ್ಸ್ ನೈಟಿಂಗೇಲ್ ಕತೆ ಹೇಳುವುದು ವಾಡಿಕೆ. ಅವರ ಬದುಕನ್ನು ಕತೆಯಾಗಿ ಹೆಣೆದು, ಮಾತುಕತೆ ಕಟ್ಟಿ ಬರೆದ ಮಕ್ಕಳ ಪುಸ್ತಕಗಳ ಬಗ್ಗೆ ತಂದೆತಾಯಿ, ಶಿಕ್ಷಕರು, ಬರೆಯುವವರು, ಚಿತ್ರ ಬಿಡಿಸುವವರು ಕೇಳಿದ ಪ್ರಶ್ನೆಗಳು ಈ ಸಲದ ಅಂಕಣಕ್ಕೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ನೈಟಿಂಗೇಲ್ ಕತೆಪುಸ್ತಕ ಕೊಳ್ಳಬೇಕು. ಅಂಗಡಿಯಲ್ಲಿ ನಿಂತು ಪೂರ್ತಿ ಓದಲಾಗುವುದಿಲ್ಲ. ಒಳ್ಳೆಯದನ್ನು ಬೇಗ ಗುರುತಿಸುವುದು ಹೇಗೆ? — ಓದುಗರು, ಮೈಸೂರು

ಉತ್ತರ: ಮೂರು ಕಡೆ ತೆರೆದು ನೋಡಿದರೆ ಸಾಕು. ಮೊದಲು ಆಸ್ಪತ್ರೆಯ ಪುಟ. ರಣರಂಗದ ನಡುವೆ, ಫಿರಂಗಿಯ ಹೊಗೆಯಲ್ಲಿ ಆಕೆ ಗಾಯಕ್ಕೆ ಪಟ್ಟಿ ಕಟ್ಟುತ್ತಿರುವ ಚಿತ್ರವಿದ್ದರೆ ಬರೆದವರು ಭೂಪಟ ನೋಡಿಲ್ಲ ಎಂದು ಅರ್ಥ. ರಷ್ಯಾದ ವಿರುದ್ಧ ಬ್ರಿಟನ್ ಮತ್ತು ಅದರ ಮಿತ್ರರ ಯುದ್ಧ ನಡೆದದ್ದು ಕಪ್ಪುಸಮುದ್ರದ ಉತ್ತರ ದಡದ ಕ್ರೈಮಿಯಾದಲ್ಲಿ. ಆಸ್ಪತ್ರೆ ಇದ್ದದ್ದು ಸ್ಕುಟಾರಿಯಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನ ಏಷ್ಯಾ ದಡದ ಒಂದು ದೊಡ್ಡ ಸೈನಿಕ ಬ್ಯಾರಕ್ಕಿನಲ್ಲಿ. ನಡುವೆ ಕಪ್ಪುಸಮುದ್ರ, 500 ಕಿ.ಮೀ.ಗೂ ಹೆಚ್ಚು ದೂರ. ಗಾಯಾಳುಗಳು ಹಡಗಿನಲ್ಲಿ ಬರುತ್ತಿದ್ದರು, ದಾರಿಯಲ್ಲೇ ಅನೇಕರು ಸಾಯುತ್ತಿದ್ದರು. ಆಕೆ ಕ್ರೈಮಿಯಾಕ್ಕೆ ಹೋದದ್ದು 1855ರ ಮೇ ತಿಂಗಳಲ್ಲಿ. ಅಲ್ಲಿ ಜ್ವರ ಹಿಡಿದು ತಾವೇ ಸಾವಿನ ದವಡೆಗೆ ಹೋಗಿ ಬಂದರು.

ಎರಡನೆಯದು, ಯುದ್ಧ ಮುಗಿದ ಮೇಲಿನ ಪುಟ. 1856ರ ಆಗಸ್ಟಿನಲ್ಲಿ ಮನೆಗೆ ಮರಳಿದಾಗ ಆಕೆಗೆ 36 ವರ್ಷ. ತೀರಿಕೊಂಡದ್ದು 1910ರಲ್ಲಿ. ‘ಮನೆಗೆ ಬಂದಳು, ಎಲ್ಲರೂ ಹೊಗಳಿದರು’ ಎಂಬಲ್ಲಿಗೆ ಪುಸ್ತಕ ಮುಗಿದರೆ 54 ವರ್ಷಗಳ ಕೆಲಸ ಹೊರಗೆ ಉಳಿಯಿತು. ಅದರಲ್ಲಿ 1859ರ ಶುಶ್ರೂಷೆಯ ಪುಸ್ತಕ, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ತರಬೇತಿ ಶಾಲೆ, ಅಂಕಿಅಂಶದ ಚಿತ್ರಗಳು ಎಲ್ಲವೂ ಸೇರಿವೆ.

ಮೂರನೆಯದು ಕೊನೆಯ ಪುಟ. ‘ಇದರಲ್ಲಿ ಇದು ನಡೆದದ್ದು, ಇದು ನಾನು ಕಟ್ಟಿದ್ದು’ ಎಂದು ಲೇಖಕರು ಹೇಳಿದ್ದಾರೆಯೇ ನೋಡಿ. ಹೇಳಿದ್ದರೆ ಚಿಕ್ಕ ತಪ್ಪುಗಳನ್ನು ಮನ್ನಿಸಬಹುದು.

ಪ್ರಶ್ನೆ: ಕಾಲು ನೋಯಿಸಿಕೊಂಡ ನಾಯಿ, ಜೇಬಿನಲ್ಲಿ ಗೂಬೆಮರಿ. ಇವು ಎಲ್ಲ ಪುಸ್ತಕಗಳಲ್ಲೂ ಬರುತ್ತವೆ. ನಡೆದದ್ದೇ, ಮಕ್ಕಳಿಗಾಗಿ ಕಟ್ಟಿದ್ದೇ? — ಗ್ರಂಥಪಾಲಕರು, ಶಿವಮೊಗ್ಗ

ಉತ್ತರ: ಗೂಬೆ ಖಂಡಿತ ಇತ್ತು. 1850ರಲ್ಲಿ ಅಥೆನ್ಸಿನ ಪಾರ್ಥೆನಾನ್ ಬಳಿ ಹುಡುಗರ ಕೈಗೆ ಸಿಕ್ಕು ನರಳುತ್ತಿದ್ದ ಮರಿಯನ್ನು ಬಿಡಿಸಿಕೊಂಡು ‘ಅಥೀನಾ’ ಎಂದು ಹೆಸರಿಟ್ಟರು, ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು. 1854ರಲ್ಲಿ ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದರ ಕಡೆ ಯಾರೂ ನೋಡದೆ ಸತ್ತುಹೋಯಿತು. ಅದರ ದೇಹವನ್ನು ಕೆಡದಂತೆ ಹದಮಾಡಿಸಿದರು. ಈಗಲೂ ಲಂಡನ್ನಿನ ನೈಟಿಂಗೇಲ್ ಸಂಗ್ರಹಾಲಯದಲ್ಲಿದೆ. ಅಕ್ಕ ಪಾರ್ಥೆನೋಪಿ 1855ರಲ್ಲಿ ಆ ಗೂಬೆಯ ಕತೆಯನ್ನೇ ಚಿತ್ರಸಹಿತ ಬರೆದಿದ್ದಾರೆ. ಬಹಳಷ್ಟು ಮಕ್ಕಳ ಪುಸ್ತಕಗಳು ಗೂಬೆಯನ್ನು ತಂದು, ಅದರ ಸಾವನ್ನು ಬಿಟ್ಟುಬಿಡುತ್ತವೆ. ಬಿಡಬೇಕಿಲ್ಲ. ಹೊರಡುವ ಆತುರದಲ್ಲಿ ಮನೆಯ ಪುಟ್ಟ ಜೀವವೊಂದು ಮರೆತುಹೋಯಿತು ಎಂಬುದು ಆರೇಳು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ನಾಯಿಯ ಕತೆ ಬೇರೆ ಜಾತಿಯದು. ಕುರುಬ ರೋಜರ್‌ನ ನಾಯಿ ‘ಕ್ಯಾಪ್’ಗೆ ಹುಡುಗರ ಕಲ್ಲೇಟು ಬಿದ್ದು ಕಾಲು ಊದಿತ್ತು. ಮುರಿದಿದೆ ಎಂದು ತಿಳಿದ ಕುರುಬ ಅದನ್ನು ಕೊಲ್ಲಲು ಹೊರಟಿದ್ದ. ಊರಿನ ಪಾದ್ರಿಯ ಜೊತೆ ಬಂದ ಫ್ಲಾರೆನ್ಸ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟು ಉಳಿಸಿದಳು. ಕತೆ ಇಷ್ಟು. ಇದು ನಂತರದ ನೆನಪುಗಳಿಂದ ಬಂದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬೆಳೆದದ್ದು. ಒಂದು ಪುಸ್ತಕ ಡರ್ಬಿಷೈರ್‌ನಲ್ಲಿ ನಡೆಯಿತೆಂದರೆ ಇನ್ನೊಂದು ಹ್ಯಾಂಪ್‌ಷೈರ್ ಎನ್ನುತ್ತದೆ. ಹೇಳಿ, ಅಡ್ಡಿಯಿಲ್ಲ; ‘ಹೀಗೊಂದು ಕತೆ ಹೇಳುತ್ತಾರೆ’ ಎಂದು ಶುರುಮಾಡಿ.

ಪ್ರಶ್ನೆ: ‘ಆಕೆ ಬಂದ ಕೆಲವೇ ತಿಂಗಳಲ್ಲಿ ಸಾವು ನೂರಕ್ಕೆ 42ರಿಂದ 2ಕ್ಕೆ ಇಳಿಯಿತು’ ಎಂದು ಮಗನ ಪುಸ್ತಕದಲ್ಲಿದೆ. ಅಂಕಿ ಸರಿಯೇ? — ಶುಶ್ರೂಷಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಅಂಕಿ ಸರಿ. ಕಾರಣ ತಪ್ಪು. ಈ ವಿಷಯದ ಮಕ್ಕಳ ಪುಸ್ತಕಗಳಲ್ಲಿ ಅತಿ ದೊಡ್ಡ ತಪ್ಪು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಆಕೆ ಸ್ಕುಟಾರಿ ತಲುಪಿದ್ದು 1854ರ ನವೆಂಬರ್ 4ರಂದು. ಮರುದಿನವೇ ಇಂಕರ್‌ಮನ್ ಕದನ, ಗಾಯಾಳುಗಳ ಮಹಾಪೂರ. ಹಾಸಿಗೆಗಳ ಸಾಲು ನಾಲ್ಕು ಮೈಲಿ ಉದ್ದ, ನಡುವೆ 18 ಅಂಗುಲವೂ ಜಾಗವಿಲ್ಲ ಎಂದು ಆ ತಿಂಗಳಲ್ಲೇ ಪತ್ರ ಬರೆದಿದ್ದಾರೆ. ಆಕೆ ಅಡುಗೆ ಸರಿಪಡಿಸಿದರು. ಬೇರೆ ಮನೆ ಹಿಡಿದು, ಕುದಿಯುವ ಹಂಡೆ ಇಡಿಸಿ, ಸಿಪಾಯಿಗಳ ಹೆಂಡತಿಯರಿಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟರು. ಸರಕಾರಿ ಉಗ್ರಾಣ ಕೊಡದ ಸಾಮಾನನ್ನು ದೇಣಿಗೆ ಹಣದಿಂದ ತರಿಸಿದರು. ಇಷ್ಟಾದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 42ರ ಅಂಕಿ 1855ರ ಫೆಬ್ರವರಿಯದು, ಅಂದರೆ ಆಕೆ ಬಂದು ಮೂರು ತಿಂಗಳಾದ ಮೇಲಿನದು!

ಕಾರಣ ಕಟ್ಟಡದ ಅಡಿಯಲ್ಲಿತ್ತು. ಚರಂಡಿ ಕಟ್ಟಿಕೊಂಡು ಕೊಳೆತಿತ್ತು, ಅದರ ವಾಸನೆ ಕೋಣೆಗಳಿಗೇ ನುಗ್ಗುತ್ತಿತ್ತು. ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಸಿಪಾಯಿಗಳನ್ನು ಹೆಚ್ಚಾಗಿ ಕೊಂದದ್ದು ಗುಂಡಿನ ಗಾಯವಲ್ಲ. ಭೇದಿ, ಕಾಲರಾ, ಟೈಫಸ್ ಜ್ವರ. 1855ರ ಮಾರ್ಚಿನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯ ಆಯೋಗ ಬಂತು. ವೈದ್ಯ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಅದರಲ್ಲಿದ್ದರು. ಚರಂಡಿ ತೊಳೆಸಿದರು, ಕಾಲುವೆ ಶುಚಿ ಮಾಡಿಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ಗಾಳಿಗೆ ದಾರಿ ಮಾಡಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಆಸುಪಾಸಿಗೆ ಬಂತು.

ಹಾಗಾದರೆ ಆಕೆಯದೇನು? ಇಲ್ಲೇ ಒಳ್ಳೆಯ ಕತೆಯಿದೆ, ಯಾರೂ ಬರೆಯುವುದಿಲ್ಲ. ಊರಿಗೆ ಮರಳಿ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕೂತು ಸತ್ತವರ ಲೆಕ್ಕ ತೆಗೆದರು. ತಡೆಯಬಹುದಾಗಿದ್ದ ರೋಗಗಳಿಂದ ಎಷ್ಟು, ಗಾಯದಿಂದ ಎಷ್ಟು ಎಂದು ಬಣ್ಣದ ಎಸಳುಗಳ ಹೂವಿನಂಥ ನಕ್ಷೆ ಮಾಡಿ 1858ರಲ್ಲಿ ಅಚ್ಚು ಹಾಕಿಸಿದರು. ಅಂಕಿ ಓದಲು ಪುರುಸೊತ್ತಿಲ್ಲದ ದೊರೆಗಳೂ ಒಂದೇ ನೋಟಕ್ಕೆ ತಿಳಿಯಲಿ ಎಂದು. ಮೂರನೇ ತರಗತಿಯ ಮಗುವಿಗೆ ಹೀಗೆ ಹೇಳಬಹುದು: ‘ಆಕೆ ಎಷ್ಟು ಆರೈಕೆ ಮಾಡಿದರೂ ಜನ ಸಾಯುತ್ತಲೇ ಇದ್ದರು. ನೆಲದಡಿಯ ಚರಂಡಿ ತೊಳೆದ ಮೇಲೆ ಸಾವು ಇಳಿಯಿತು. ಆ ಲೆಕ್ಕವನ್ನು ಆಕೆ ಮರೆಯಲಿಲ್ಲ.’ ಮೂರೇ ವಾಕ್ಯ.

ಪ್ರಶ್ನೆ: ಮಕ್ಕಳ ಪುಸ್ತಕಕ್ಕೆ ಚಿತ್ರ ಬಿಡಿಸುತ್ತಿದ್ದೇನೆ. ದೀಪ ಯಾವ ಆಕಾರದ್ದು? ಉಡುಪು? — ಚಿತ್ರಕಲಾವಿದರು, ಧಾರವಾಡ

ಉತ್ತರ: ‘ದೀಪಧಾರಿಣಿ’ ಎಂಬ ಮಾತು ಕೇಳಿದ ಕೂಡಲೇ ನಮ್ಮ ಕಲಾವಿದರ ಕೈ ಹಣತೆಗೆ ಹೋಗುತ್ತದೆ. ಇಂಗ್ಲಿಷಿನವರ ಕೈ ಅಲ್ಲಾವುದ್ದೀನನ ಮೂತಿಯುದ್ದದ ದೀಪಕ್ಕೆ ಹೋಗುತ್ತದೆ. ಲಂಡನ್ನಿನ ವಾಟರ್ಲೂ ಪ್ಲೇಸ್‌ನ ಪ್ರತಿಮೆಯ ಕೈಯಲ್ಲೂ ಅದೇ ತಪ್ಪು ದೀಪ ಇದೆ, 1915ರಿಂದ. ನಿಜದಲ್ಲಿ ಅದು ತುರ್ಕರ ‘ಫಾನೂಸ್’. ಮೇಲೆ ಕೆಳಗೆ ಲೋಹದ ತಟ್ಟೆ, ನಡುವೆ ಮಡಿಕೆ ಮಡಿಕೆಯಾದ ಬಟ್ಟೆಯ ಕೊಳವೆ, ಒಳಗೆ ಮೇಣದಬತ್ತಿ. ಒತ್ತಿದರೆ ಚಪ್ಪಟೆ, ಎತ್ತಿದರೆ ಉದ್ದ. ದೀಪಾವಳಿಯ ಮಡಚುವ ಆಕಾಶಬುಟ್ಟಿ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಬೆಳಕು ಬಟ್ಟೆಯ ಮೂಲಕ ಸೋಸಿ ಬರುವುದರಿಂದ ಮಂದವಾಗಿ, ಹಳದಿಯಾಗಿ ಸುತ್ತಲೂ ಹರಡಬೇಕು. ಟಾರ್ಚಿನಂತೆ ಮುಂದಕ್ಕೆ ಚಾಚಬಾರದು.

ಬಿಳಿ ಸಮವಸ್ತ್ರ ಬೇಡ, ಎದೆಯ ಮೇಲೆ ಕೆಂಪು ಶಿಲುಬೆ ಬೇಡವೇ ಬೇಡ. ರೆಡ್‌ಕ್ರಾಸ್ ಹುಟ್ಟಿದ್ದು 1863ರಲ್ಲಿ. ದಾದಿಯರಿಗೆ ಬೂದುಬಣ್ಣದ ಒರಟು ಉಣ್ಣೆಯ ಅಂಗಿ, ಬಿಳಿ ಟೊಪ್ಪಿಗೆ, ‘ಸ್ಕುಟಾರಿ ಆಸ್ಪತ್ರೆ’ ಎಂದು ಕಸೂತಿ ಹಾಕಿದ ಹೆಗಲಪಟ್ಟಿ. ಅಳತೆ ಸರಿಯಿಲ್ಲದೆ ಕೆಲವರಿಗೆ ದೊಗಳೆ, ಕೆಲವರಿಗೆ ಬಿಗಿ. ಚಿತ್ರದಲ್ಲಿ ಹಾಗೇ ಬಿಡಿಸಿದರೆ ಮಕ್ಕಳಿಗೆ ನಗು ಬರುತ್ತದೆ. ಕಿವಿಗೆ ಹಚ್ಚುವ ಇಂದಿನ ಸ್ಟೆತಸ್ಕೋಪು, ಬಾಯಿಗಿಡುವ ಪುಟ್ಟ ಥರ್ಮಾಮೀಟರು, ಗೋಡೆಯ ಮೇಲೆ ವಿದ್ಯುದ್ದೀಪ ಯಾವುದೂ ಬೇಡ.

ಪ್ರಶ್ನೆ: ಆ ಫಾನೂಸನ್ನು ಐದನೇ ತರಗತಿ ಮಕ್ಕಳಿಂದ ಮಾಡಿಸಬಹುದೇ? ಕಾಗದದಲ್ಲಿ ಮಾಡಿಸಿದಾಗ ಮಡಿಕೆಗಳಲ್ಲೇ ಹರಿಯುತ್ತಿದೆ. — ಶಿಕ್ಷಕಿ, ಶಿರಸಿ

ಉತ್ತರ: ಹಾಳೆಗೆ ಅಡ್ಡಮಡಿಕೆ ಹಾಕಿ ಆಮೇಲೆ ಕೊಳವೆಯಾಗಿ ಸುತ್ತಿದರೆ ಹರಿಯಲೇಬೇಕು. ಮಡಿಕೆ ಒಳಗೆ ಬಾಗುವ ಕಡೆ ಸುತ್ತಳತೆ ಕಡಿಮೆಯಾಗಬೇಕು, ಕಾಗದ ಕುಗ್ಗುವುದಿಲ್ಲ. ಬಟ್ಟೆ ಮತ್ತು ಬಳೆ ಹಿಡಿಯಿರಿ.

ಒಂದು ಫಾನೂಸಿಗೆ ಹೊರ ಅಡ್ಡಳತೆ 7 ಸೆಂ.ಮೀ. ಇರುವ ಐದು ಬಳೆ (ಪ್ಲಾಸ್ಟಿಕ್ ಇಲ್ಲವೇ ಲೋಹ; ಗಾಜಿನದು ಬೇಡ), 24 × 20 ಸೆಂ.ಮೀ. ತೆಳು ಹತ್ತಿ ಬಟ್ಟೆ, ಮೇಲೆ ಕೆಳಗಿನ ತಟ್ಟೆಗಳಿಗೆ ಎರಡು ರಟ್ಟಿನ ಬಿಲ್ಲೆ, ಹಿಡಿಗೆ ದಾರ ಅಥವಾ ತಂತಿ, ಬ್ಯಾಟರಿಯ ಪುಟ್ಟ ದೀಪ. ಬಳೆಯ ಸುತ್ತಳತೆ ಸುಮಾರು 22 ಸೆಂ.ಮೀ., ಉಳಿದ 2 ಸೆಂ.ಮೀ. ಅಂಚು ಸೇರಿಸಲು. ಬಟ್ಟೆಯನ್ನು ಮೊದಲು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ಮೇಣ ಹಚ್ಚಿದ ಹಳೇ ಬಟ್ಟೆಯ ಬಣ್ಣ ಬರುತ್ತದೆ. 20 ಸೆಂ.ಮೀ. ಬದಿಯಲ್ಲಿ ಮೇಲೊಂದು ಕೆಳಗೊಂದು ಸೆಂ.ಮೀ. ಬಿಟ್ಟು, ನಡುವೆ ನಾಲ್ಕೂವರೆ ಸೆಂ.ಮೀ.ಗೆ ಒಂದರಂತೆ ಪೆನ್ಸಿಲ್ ಗೆರೆ ಎಳೆದರೆ ಐದು ಗೆರೆ ಸಿಗುತ್ತವೆ. ಪ್ರತಿ ಗೆರೆಯ ಮೇಲೆ ಒಂದು ಬಳೆ. ಅಂಟು ಬಳೆಗೆ ಹಚ್ಚಿ, ಬಟ್ಟೆಗೆ ಹಚ್ಚಬೇಡಿ. ಬಟ್ಟೆಗೆ ಹರಡಿದ ಅಂಟು ಒಣಗಿ ರಟ್ಟಿನಂತಾಗುತ್ತದೆ, ಆಮೇಲೆ ಮಡಚುವುದಿಲ್ಲ. ಎಲ್ಲ ಬಳೆ ಒಣಗಲು ಒಂದು ರಾತ್ರಿ ಬಿಟ್ಟು, ಮರುದಿನ 20 ಸೆಂ.ಮೀ. ಉದ್ದದ ಅಂಚನ್ನು ಹೊಲಿಯಿಸಿ. ಮೇಣದಬತ್ತಿ ಹಚ್ಚುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಬಟ್ಟೆ, ಪ್ಲಾಸ್ಟಿಕ್ ಬಳೆ ಎರಡೂ ಹೊತ್ತಿಕೊಳ್ಳುತ್ತವೆ, ಬ್ಯಾಟರಿ ದೀಪವೇ ಇರಲಿ.

ಪ್ರಶ್ನೆ: ಕನ್ನಡದಲ್ಲೇ ಹೊಸದಾಗಿ ಬರೆಯಬೇಕೆಂದಿದ್ದೇನೆ. ಎಷ್ಟು ಕಟ್ಟಬಹುದು? ‘ಅವಳು’ ಎನ್ನಲೇ, ‘ಅವರು’ ಎನ್ನಲೇ? — ಹೊಸ ಬರಹಗಾರ್ತಿ, ಹಾಸನ

ಉತ್ತರ: ಮಾತು ಕಟ್ಟಿ, ಊಟ ಕಟ್ಟಿ, ಮಳೆ ಕಟ್ಟಿ. ತಾರೀಖು, ಸಂಖ್ಯೆ, ‘ಯಾವುದರಿಂದ ಏನಾಯಿತು’ ಎಂಬುದನ್ನು ಕಟ್ಟಬೇಡಿ. ಕರಡನ್ನು ಅಚ್ಚು ತೆಗೆದು ಮೂರು ಬಣ್ಣದ ಪೆನ್ಸಿಲ್ ಹಿಡಿದು ಕೂರಿ. ದಾಖಲೆಯಲ್ಲಿರುವ ವಾಕ್ಯಕ್ಕೆ ಹಸಿರು, ಇದ್ದಿರಬಹುದಾದ್ದಕ್ಕೆ ಹಳದಿ, ನಿಮ್ಮದಕ್ಕೆ ಕೆಂಪು. ಕೆಂಪು ಗೆರೆ ಸಂಖ್ಯೆಯ ಮೇಲೋ ಕಾರಣದ ಮೇಲೋ ಬಿದ್ದರೆ ಆ ವಾಕ್ಯ ತೆಗೆಯಿರಿ. ಉಳಿದ ಕೆಂಪನ್ನೆಲ್ಲ ಪುಸ್ತಕದ ಕೊನೆಯಲ್ಲಿ ನೂರೈವತ್ತು ಪದಗಳಲ್ಲಿ ಮಕ್ಕಳಿಗೆ ಒಪ್ಪಿಸಿ.

ಕತೆಗೆ ಪುಟ್ಟ ಹುಡುಗನೊಬ್ಬ ಬೇಕೆಂದು ಎಲ್ಲರೂ ಸುಳ್ಳು ಹುಡುಗನನ್ನು ಹುಟ್ಟಿಸುತ್ತಾರೆ. ನಿಜದ ಹುಡುಗರೇ ಇದ್ದರಲ್ಲ! ಒಂದು ಕಾಲು ಕಳೆದುಕೊಂಡ ನಾವಿಕ ಹುಡುಗ ವಿಲಿಯಂ ಜೋನ್ಸ್, ರಷ್ಯಾದ ಅನಾಥ ಬಾಲಕ ಪೀಟರ್ ಗ್ರಿಲೇಜ್. ಇಬ್ಬರನ್ನೂ ಆಕೆ ಇಂಗ್ಲೆಂಡಿಗೆ ಕಳಿಸಿಕೊಟ್ಟರು, ಜೊತೆಗೆ ಒಂದು ರಷ್ಯನ್ ನಾಯಿಮರಿಯನ್ನೂ. ಪೀಟರ್‌ನ ಕಣ್ಣಿಂದ ಕತೆ ಹೇಳಿದರೆ ಶತ್ರುದೇಶದ ಮಗು ಆಸ್ಪತ್ರೆಯನ್ನು ಹೇಗೆ ನೋಡಿತು ಎಂಬುದು ತಾನಾಗಿ ಬರುತ್ತದೆ.

ಮಾತು ಕಟ್ಟುವಾಗ ಕಾಲ ತಪ್ಪುತ್ತದೆ. ‘ಬನ್ನಿ, ಕ್ರಿಮಿಗಳನ್ನು ಕೊಲ್ಲೋಣ’ ಎಂದು 1854ರಲ್ಲಿ ಆಕೆ ಹೇಳಲು ಸಾಧ್ಯವಿಲ್ಲ. ರೋಗ ಬರುವುದು ಕೊಳೆತ ಗಾಳಿಯಿಂದ ಎಂದೇ ಆಕೆ ನಂಬಿದ್ದರು. ರೋಗಾಣುಗಳ ವಿಚಾರ ನೆಲೆಯೂರಿದ್ದು ನಂತರದ ದಶಕಗಳಲ್ಲಿ. ‘ಕಿಟಕಿ ತೆಗೆಯಿರಿ, ಈ ಗಾಳಿ ಕೆಟ್ಟಿದೆ’ ಎನ್ನಿಸಿ, ಸರಿಹೋಗುತ್ತದೆ. ಅಂದಹಾಗೆ ‘ಕ್ರಿಮಿಯಾ’ ಎಂದು ಬರೆದರೆ ಮಕ್ಕಳು ಕ್ರಿಮಿಗಳ ಮೇಲಿನ ಯುದ್ಧ ಎಂದೇ ತಿಳಿಯುತ್ತಾರೆ. ‘ಕ್ರೈಮಿಯಾ’ ಎಂದು ಬರೆಯಿರಿ.

ಇನ್ನು ಅವಳು–ಅವರು. ಆರು ವರ್ಷದೊಳಗಿನವರಿಗೆ ಕೊನೆತನಕ ‘ಅವಳು’ ನಡೆಯುತ್ತದೆ, ಅಜ್ಜಿಕತೆಯ ರಾಜಕುಮಾರಿಯಂತೆ. ದೊಡ್ಡ ಮಕ್ಕಳ ಪುಸ್ತಕದಲ್ಲಿ ಬಾಲ್ಯಕ್ಕೆ ಏಕವಚನ, ಆಮೇಲೆ ಬಹುವಚನ. ಬದಲಾವಣೆ ಪುಟ ತಿರುಗಿಸುವ ಕಡೆ ಆಗಬೇಕು, ಪ್ಯಾರಾ ನಡುವೆ ಅಲ್ಲ. 1854ರ ಅಕ್ಟೋಬರ್ 21ರಂದು, 34ನೇ ವಯಸ್ಸಿನಲ್ಲಿ, 38 ದಾದಿಯರ ಜೊತೆ ಲಂಡನ್ ಬಿಟ್ಟ ಗಳಿಗೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ‘ಆಕೆ’ ಬಳಸುವವರು ಕ್ರಿಯಾಪದದಲ್ಲಿ ಜಾರುತ್ತಾರೆ: ‘ಆಕೆ ಬಂದಳು, ಆಕೆ ನೋಡಿದರು’. ಒಂದನ್ನೇ ಹಿಡಿಯಿರಿ. ಸಿಪಾಯಿಗಳ ಬಾಯಲ್ಲಿ ‘ಸಿಸ್ಟರ್’ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲ ದಾದಿಯರೂ ಸಿಸ್ಟರ್; ಅಲ್ಲಿ ಆ ಮಾತು ಸಲ್ಲುತ್ತಿದ್ದದ್ದು ಕ್ರೈಸ್ತ ಸಂನ್ಯಾಸಿನಿಯರಿಗೆ, 38ರಲ್ಲಿ 10 ಮಂದಿ ಕ್ಯಾಥೊಲಿಕರು, 8 ಮಂದಿ ಆಂಗ್ಲಿಕನ್ನರು. ನೈಟಿಂಗೇಲರನ್ನು ‘ಮಿಸ್ ನೈಟಿಂಗೇಲ್’ ಎನ್ನಿಸಿ.

ಅಳತೆ: ಚಿತ್ರಪುಸ್ತಕ 32 ಪುಟ, ಅಚ್ಚಿನ 16 ಪುಟದ ಎರಡು ಫಾರಂ. ಶೀರ್ಷಿಕೆ, ಮುದ್ರಣ ವಿವರ, ಕೊನೆಯ ಟಿಪ್ಪಣಿ ಕಳೆದರೆ ಹದಿಮೂರು ಜೋಡಿಪುಟ ಉಳಿಯುತ್ತವೆ. ಜೋಡಿಪುಟಕ್ಕೆ 35–40 ಪದ, ಒಟ್ಟು 500 ದಾಟದಿರಲಿ. ನಮ್ಮ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳ ಕೆಲಸ ಮಾಡುತ್ತದೆ, ಇಂಗ್ಲಿಷ್ ಪುಸ್ತಕದ ಪದಸಂಖ್ಯೆ ನೋಡಿ ಹಾಕಿದರೆ ಪುಟ ತುಂಬಿ ಚಿತ್ರಕ್ಕೆ ಜಾಗವಿರದು. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೇಳಿ. ಆಕೆ 1851ರಲ್ಲಿ ತರಬೇತಿ ಪಡೆದ ಊರು ‘ಕೈಸರ್ಸ್‌ವರ್ತ್’. ಇದನ್ನು ಗಟ್ಟಿಯಾಗಿ ಓದಿ ನೋಡಿ, ಆಮೇಲೆ ‘ಜರ್ಮನಿಯ ಒಂದು ಆಸ್ಪತ್ರೆ’ ಎಂದು ಬದಲಿಸಿ.

ಪ್ರಶ್ನೆ: ಒಂದೇ ಪುಸ್ತಕದಲ್ಲಿ ಮೇರಿ ಸೀಕೋಲ್ ಮತ್ತು ನೈಟಿಂಗೇಲ್ ಅಕ್ಕಪಕ್ಕ ನಿಂತು ರೋಗಿಗಳ ಸೇವೆ ಮಾಡುತ್ತಾರೆ. ಸರಿಯೇ? — ಓದುಗರು, ಬೆಂಗಳೂರು

ಉತ್ತರ: ಇಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1805ರಲ್ಲಿ ಹುಟ್ಟಿದ ಸೀಕೋಲ್ ದಾದಿಯರ ತಂಡ ಸೇರಲು ಲಂಡನ್ನಿನಲ್ಲಿ ಕೇಳಿಕೊಂಡರು, ಸೇರಿಸಿಕೊಳ್ಳಲಿಲ್ಲ. ಸ್ವಂತ ಖರ್ಚಿನಲ್ಲಿ ಹೋಗಿ ಕ್ರೈಮಿಯಾದ ಬಾಲಕ್ಲಾವಾ ಬಳಿ ‘ಬ್ರಿಟಿಷ್ ಹೋಟೆಲ್’ ತೆರೆದು ಊಟ, ಔಷಧಿ, ಆರೈಕೆ ಕೊಟ್ಟರು. 1857ರಲ್ಲಿ ಆತ್ಮಕತೆ ಬರೆದರು. ದಾರಿಯಲ್ಲಿ ಸ್ಕುಟಾರಿಯಲ್ಲಿ ಇಬ್ಬರ ಭೇಟಿ ಆಯಿತು, ಚುಟುಕಾಗಿ. ಕಥೆಗಾರರಿಗೆ ಆ ಒಂದು ಭೇಟಿಯೇ ಸಾಕಾಗಬೇಕು. ರಣರಂಗದ ಹತ್ತಿರ ಇದ್ದವರು ಸೀಕೋಲ್, ನೈಟಿಂಗೇಲ್ ಅಲ್ಲ. ಎಷ್ಟೋ ಪುಸ್ತಕಗಳು ಒಬ್ಬರ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿವೆ.

ಪ್ರಶ್ನೆ: ನೈಟಿಂಗೇಲ್ ಭಾರತಕ್ಕೆ ಬಂದಿದ್ದರೇ? — ಏಳನೇ ತರಗತಿ ವಿದ್ಯಾರ್ಥಿ, ತುಮಕೂರು

ಉತ್ತರ: ಒಮ್ಮೆಯೂ ಇಲ್ಲ. ಬಂದಂತೆ ಬರೆದ ಕತೆ ಪೂರಾ ಕಟ್ಟಿದ್ದು. ಆದರೆ ಭಾರತದ ಸೇನೆಯ ಆರೋಗ್ಯ ವಿಚಾರಿಸಲು 1859ರಲ್ಲಿ ನೇಮಕವಾದ ಆಯೋಗಕ್ಕಾಗಿ ಇಲ್ಲಿನ ದಂಡುಗಳಿಂದ ನೀರು, ಚರಂಡಿ, ರೋಗ, ಸಾವಿನ ಲೆಕ್ಕ ತರಿಸಿಕೊಂಡು ಲಂಡನ್ನಿನಲ್ಲಿ ಕೂತೇ ಓದಿದರು. ಬೆಂಗಳೂರು ದಂಡಿನ ವರದಿಯೂ ಅದರಲ್ಲಿತ್ತು. ಆಯೋಗದ ವರದಿ ಹೊರಬಂದದ್ದು 1863ರಲ್ಲಿ.

ಪ್ರಶ್ನೆ: ದೀಪ ಹಚ್ಚಿ ಹೇಳುವ ‘ನೈಟಿಂಗೇಲ್ ಪ್ರತಿಜ್ಞೆ’ಯನ್ನು ಆಕೆ ಸ್ಕುಟಾರಿಯಲ್ಲಿ ಬರೆದ ದೃಶ್ಯ ಪುಸ್ತಕದಲ್ಲಿದೆ. — ಉಪನ್ಯಾಸಕಿ, ಕಲಬುರಗಿ

ಉತ್ತರ: ಆ ಪುಟ ಬಿಟ್ಟು ಓದಿಸಿ. ಪ್ರತಿಜ್ಞೆ ಸಿದ್ಧವಾದದ್ದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಲಿಸ್ಟ್ರಾ ಗ್ರೆಟರ್ ಮುಂದಾಳ್ತನದಲ್ಲಿ. ಹೆಸರು ಮಾತ್ರ ಗೌರವಕ್ಕೆ ಇಟ್ಟದ್ದು.

ಪ್ರಶ್ನೆ: ರಕ್ತ, ಕೈಕಾಲು ಕತ್ತರಿಸುವುದು, ಸಾವು ಇವನ್ನು ಯಾವ ವಯಸ್ಸಿಗೆ ಎಷ್ಟು ಹೇಳಬೇಕು? — ಓದುಗರು, ಉಡುಪಿ

ಉತ್ತರ: ಐದಾರು ವರ್ಷದವರಿಗೆ ವಾಸನೆ, ಚಳಿ, ಹಸಿವು, ಇಲಿ ಸಾಕು. ಈ ನಾಲ್ಕರಲ್ಲೇ ಸ್ಕುಟಾರಿ ಕಣ್ಣಿಗೆ ಕಟ್ಟುತ್ತದೆ. ಏಳೆಂಟರವರಿಗೆ ಸಾವು ಹೇಳಿ, ಆದರೆ ಪತ್ರದ ಮೂಲಕ. ಸತ್ತ ಸಿಪಾಯಿಗಳ ಮನೆಯವರಿಗೆ ಆಕೆ ತಾವೇ ಪತ್ರ ಬರೆಯುತ್ತಿದ್ದರು. ಅಂಥ ಒಂದು ಪತ್ರವನ್ನು ಬರೆಯುವ ದೃಶ್ಯ, ಗಾಯದ ಹತ್ತು ಚಿತ್ರಗಳಿಗಿಂತ ಹೆಚ್ಚು ಮುಟ್ಟುತ್ತದೆ. ಕೈಕಾಲು ಕತ್ತರಿಸುವುದು ಹತ್ತು ದಾಟಿದವರಿಗೆ. ಅಲ್ಲಿಯೂ ರೋಗಿಗಳ ನಡುವೆ ಅಡ್ಡಪರದೆ ಇರಲಿಲ್ಲ, ಒಬ್ಬರ ನೋವನ್ನು ಪಕ್ಕದವರು ನೋಡಬೇಕಿತ್ತು, ಆಕೆ ಪರದೆ ಹಾಕಿಸಿದರು ಎಂಬಷ್ಟೇ ಸಾಕು.

ಪ್ರಶ್ನೆ: ಆಕೆಯ ದನಿಯ ಧ್ವನಿಮುದ್ರಣವಿದೆಯಂತೆ. ಕತೆ ಓದಿದ ಮೇಲೆ ತರಗತಿಯಲ್ಲಿ ಕೇಳಿಸಬಹುದೇ? — ಶಿಕ್ಷಕರು, ಚಿತ್ರದುರ್ಗ

ಉತ್ತರ: ಧಾರಾಳವಾಗಿ. 1890ರ ಜುಲೈ 30ರಂದು ಲಂಡನ್ನಿನಲ್ಲಿ ಮೇಣದ ಉರುಳೆಯ ಮೇಲೆ ಮುದ್ರಿಸಿದ್ದು. ಬಾಲಕ್ಲಾವಾ ಕದನದಲ್ಲಿ ಉಳಿದ ಬಡ ಸಿಪಾಯಿಗಳಿಗೆ ಹಣ ಕೂಡಿಸಲು. ಆಗ ಆಕೆಗೆ 70 ವರ್ಷ. ಹಾಗೇ ಹಾಕಿದರೆ ಮಕ್ಕಳಿಗೆ ಬಾಣಲೆಯಲ್ಲಿ ಒಗ್ಗರಣೆ ಸಿಡಿದ ಸದ್ದಷ್ಟೇ ಕೇಳುತ್ತದೆ. ಮೊದಲು ಅರ್ಥವನ್ನು ಕನ್ನಡದಲ್ಲಿ ಹೇಳಿ: ತಾನು ನೆನಪಾಗಿಯೂ ಉಳಿಯದೆ ಬರೀ ಹೆಸರಾದ ಮೇಲೆ, ತನ್ನ ಬದುಕಿನ ಕೆಲಸವನ್ನು ಈ ದನಿ ಉಳಿಸಲಿ, ಬಾಲಕ್ಲಾವಾದ ಹಳೆಯ ಸಂಗಾತಿಗಳನ್ನು ದೇವರು ಕ್ಷೇಮವಾಗಿ ದಡ ಸೇರಿಸಲಿ. ಮೊಬೈಲಿನ ಸ್ಪೀಕರ್ ಬೇಡ, ಸ್ವಲ್ಪ ದೊಡ್ಡ ಸ್ಪೀಕರ್ ಇಟ್ಟು, ಫ್ಯಾನ್ ಆರಿಸಿ, ಎರಡು ಸಲ ಹಾಕಿ. ಮೊದಲ ಸಲ ಏನೂ ತಿಳಿಯದವರಿಗೂ ಎರಡನೇ ಸಲ, ಕೊನೆಯಲ್ಲಿ ಆಕೆ ತನ್ನ ಹೆಸರು ಹೇಳುವುದು ಕೇಳಿಸುತ್ತದೆ.